ಮನೆಯಲ್ಲಿ ಬಹುಕಾಲದಿಂದ ಉಳಿದಿರುವ ಹಳೆಯ ಕಾರು: ನೋಂದಣಿ, ಪಾಲನೆ ಮತ್ತು ಬಳಕೆಯ ಬಗ್ಗೆ ಬೀದರ್, ಭಾಲ್ಕಿ ಹಾಗೂ ಔರಾದ ಭಾಗದ ಮಾಲೀಕರಿಗೆ ಮಾಹಿತಿ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ ತಾಲ್ಲೂಕುಗಳಲ್ಲಿ ತಂದೆಯವರ ಅಥವಾ ಅಜ್ಜನವರ ಕಾಲದಲ್ಲಿ ಖರೀದಿಸಿದ ಕಾರುಗಳನ್ನು ಇಂದಿಗೂ ಉಳಿಸಿಕೊಂಡಿರುವ ಕುಟುಂಬಗಳಿವೆ. ಇವುಗಳಲ್ಲಿ ಕೆಲವು ನಿತ್ಯದ ಬಳಕೆಯಲ್ಲಿರುತ್ತವೆ. ಕೆಲವು ದಸರಾ ಹಬ್ಬದ ಖಂಡೇಪೂಜೆಯ ದಿನ ಮಾತ್ರ ಅಂಗಳಕ್ಕೆ ಬರುತ್ತವೆ. ಮತ್ತೆ ಕೆಲವು ತಾಡಪತ್ರಿಯ ಕೆಳಗೆ ವರ್ಷಗಟ್ಟಲೆ ನಿಂತಿರುತ್ತವೆ. ಹದಿನೈದು ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ತಪ್ಪು ತಿಳಿವಳಿಕೆಯಿಂದ ಸುಸ್ಥಿತಿಯಲ್ಲಿರುವ ಕಾರನ್ನು ತೂಕದ ಬೆಲೆಗೆ ಮಾರುವವರೂ ಇದ್ದಾರೆ. ಕಾಗದಪತ್ರಗಳನ್ನು ನವೀಕರಿಸದೆ ಹಾಗೆಯೇ ಓಡಿಸಿ ತೊಂದರೆಗೆ ಸಿಲುಕುವವರೂ ಇದ್ದಾರೆ. ಇಂತಹ ವಾಹನಗಳ ನೋಂದಣಿಯನ್ನು ಊರ್ಜಿತದಲ್ಲಿ ಇಟ್ಟುಕೊಳ್ಳುವ ವಿಧಾನವನ್ನೂ, ಈ ಭಾಗದ ಹವೆ ಮತ್ತು ಮಣ್ಣಿಗೆ ತಕ್ಕಂತೆ ಅವುಗಳನ್ನು ಮನೆಯಲ್ಲಿ ಕಾಪಾಡಿಕೊಳ್ಳುವ ಕ್ರಮವನ್ನೂ ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಇಲ್ಲಿ ಹೇಳಿರುವ ವಿಷಯಗಳು ಬಾಡಿಗೆಗೆ ಓಡದ ಸ್ವಂತ ಕಾರುಗಳಿಗೆ ಸಂಬಂಧಿಸಿದವು. ಮುಂಬಯಿಯಲ್ಲಿ ತಯಾರಾದ ಫಿಯಟ್ 1100 ಮತ್ತು ಪ್ರೀಮಿಯರ್ ಪದ್ಮಿನಿ, 2014ರಲ್ಲಿ ಉತ್ಪಾದನೆ ನಿಂತುಹೋದ ಅಂಬಾಸಿಡರ್, 1961ರಿಂದ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ಹೆರಾಲ್ಡ್ ಕಾರನ್ನು ಆ ಕಾಲದ ಜನರು ವೇಗದ, ಸೊಗಸಿನ ಕಾರೆಂದೇ ಭಾವಿಸುತ್ತಿದ್ದರು. ಅದರ ಬಾನೆಟ್ ಇಡಿಯಾಗಿ ಮುಂದಕ್ಕೆ ತೆರೆದುಕೊಳ್ಳುವುದನ್ನು ಕಂಡವರು ಮರೆಯಲಾರರು. ಸ್ಪೋರ್ಟ್ಸ್ ಕಾರು ಎಂಬ ಹೆಸರಿಗೆ ನೇರವಾಗಿ ಸಲ್ಲುವ ಸ್ವದೇಶಿ ವಾಹನಗಳು ವಿರಳ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ಸಂಸ್ಥೆಯ ಸ್ಯಾನ್ ಸ್ಟಾರ್ಮ್ ಅಂತಹ ಒಂದು ಕಾರು. ಎರಡು ಬಾಗಿಲು, ತೆಗೆಯಬಹುದಾದ ಮೇಲ್ಛಾವಣಿ, ಫೈಬರ್ ಬಾಡಿ ಮತ್ತು ರೆನೋ ಎಂಜಿನ್ ಹೊಂದಿದ ಈ ಕಾರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಕಾರು ಯಾವುದೇ ಇರಲಿ, ಕಾನೂನು ನೋಡುವುದು ಮೊದಲ ನೋಂದಣಿಯ ದಿನಾಂಕವನ್ನು ಮತ್ತು ವಾಹನದ ಸ್ಥಿತಿಯನ್ನು.

ಹದಿನೈದು ವರ್ಷಗಳ ನಂತರ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಪ್ರಮಾಣಪತ್ರವು 15 ವರ್ಷಗಳ ಕಾಲ ಊರ್ಜಿತವಾಗಿರುತ್ತದೆ. ಆ ಬಳಿಕ ವಾಹನವನ್ನು ಪರಿಶೀಲಿಸಿ, ಅದು ರಸ್ತೆಯಲ್ಲಿ ಓಡಲು ಯೋಗ್ಯವಾಗಿದ್ದಲ್ಲಿ 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ಐದು ವರ್ಷ ಮುಗಿದ ಮೇಲೆ ಪುನಃ ಅರ್ಜಿ ಸಲ್ಲಿಸಬಹುದು. ಇಂತಿಷ್ಟೇ ಬಾರಿ ನವೀಕರಿಸಬೇಕೆಂಬ ಮಿತಿಯನ್ನು ಅಧಿನಿಯಮವು ವಿಧಿಸಿಲ್ಲ. ಹಳೆಯ ಪೆಟ್ರೋಲ್ ಹಾಗೂ ಡೀಸೆಲ್ ವಾಹನಗಳ ಬಗ್ಗೆ 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ, ಪತ್ರಿಕೆಗಳಲ್ಲಿ ಬಹಳ ಚರ್ಚೆಯಾದ ಆದೇಶವು ದೆಹಲಿ ಸುತ್ತಲಿನ ರಾಷ್ಟ್ರ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಬೀದರ್ ಜಿಲ್ಲೆಯ ವಾಹನ ಮಾಲೀಕರು ಅದನ್ನು ತಮಗೂ ಅನ್ವಯಿಸಿಕೊಂಡು ಗಾಬರಿಯಾಗಬೇಕಾದ ಕಾರಣವಿಲ್ಲ.

ನವೀಕರಣದ ಅರ್ಜಿಯನ್ನು ನಮೂನೆ-25ರಲ್ಲಿ, ಅವಧಿ ಮುಗಿಯುವ ದಿನಾಂಕಕ್ಕೆ 60 ದಿನಗಳೊಳಗಾಗಿ ಸಲ್ಲಿಸಬೇಕು. ಮೂಲ ನೋಂದಣಿ ಪುಸ್ತಕ, ಚಾಲ್ತಿಯಲ್ಲಿರುವ ವಿಮೆ, ಮಾಲಿನ್ಯ ತಪಾಸಣೆ ಪತ್ರ, ವಿಳಾಸದ ದಾಖಲೆ ಮತ್ತು ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು ಇವುಗಳನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕು. ಶುಲ್ಕದ ವಿಷಯದಲ್ಲಿ ಮಾಲೀಕರು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. 2022ರ ಏಪ್ರಿಲ್ 1ಕ್ಕೆ ಮುಂಚೆ 600 ರೂ. ಇದ್ದ ಕಾರಿನ ನವೀಕರಣ ಶುಲ್ಕವು ಅಂದಿನಿಂದ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ ಹೊರಡಿಸಿದ ತಿದ್ದುಪಡಿಯ ಮೂಲಕ 20 ವರ್ಷ ಮೀರಿದ ಕಾರುಗಳಿಗೆ 10,000 ರೂ., 20 ವರ್ಷ ಮೀರಿದ ಆಮದು ಕಾರುಗಳಿಗೆ 80,000 ರೂ. ನಿಗದಿಯಾಯಿತು. ಅವಧಿ ಮೀರಿ ಅರ್ಜಿ ಸಲ್ಲಿಸಿದಲ್ಲಿ ಪ್ರತಿ ತಿಂಗಳ ವಿಳಂಬಕ್ಕೆ 500 ರೂ. ಹೆಚ್ಚುವರಿಯಾಗಿ ಸೇರುತ್ತದೆ, ಒಂದು ವರ್ಷ ಮೈಮರೆತರೆ 6,000 ರೂ. ಇದಲ್ಲದೆ ರಾಜ್ಯದ ಹಸಿರು ತೆರಿಗೆಯನ್ನೂ ನವೀಕರಣದ ಸಮಯದಲ್ಲಿ ಪಾವತಿಸಬೇಕಾಗುತ್ತದೆ.

ನೋಂದಣಿಯ ಅವಧಿ ಮುಗಿದ ಕಾರನ್ನು ರಸ್ತೆಗೆ ತಂದಲ್ಲಿ ಕಲಂ 192ರನ್ವಯ ದಂಡ ವಿಧಿಸಲಾಗುತ್ತದೆ. ದಂಡಕ್ಕಿಂತಲೂ ಗಂಭೀರವಾದುದು ವಿಮೆಯ ಪ್ರಶ್ನೆ. ಊರ್ಜಿತ ನೋಂದಣಿಯಿಲ್ಲದ ವಾಹನವು ಅಪಘಾತಕ್ಕೀಡಾದಲ್ಲಿ ವಿಮಾ ಕಂಪನಿಯು ಪರಿಹಾರವನ್ನು ನಿರಾಕರಿಸಬಹುದು. ಮಾಸಿಕ ಕಂತು ಬಾಕಿಯಿಲ್ಲದ, ತೆರಿಗೆಯನ್ನು ಜೀವಾವಧಿಗೆ ಕಟ್ಟಿರುವ ಕಾರಿಗೆ ಇನ್ನೇನು ಬೇಕು ಎಂದು ಭಾವಿಸುವ ಮಾಲೀಕರು ಈ ಅಂಶವನ್ನು ಗಮನಿಸಬೇಕು. ಜೀವಾವಧಿ ತೆರಿಗೆಯೇ ಬೇರೆ, ನೋಂದಣಿಯ ಅವಧಿಯೇ ಬೇರೆ.

ಸಾಮಾನ್ಯ ನವೀಕರಣವೇ, ವಿಂಟೇಜ್ ನೋಂದಣಿಯೇ?

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ 81ಎ ಮತ್ತು ಅದರ ಮುಂದಿನ ನಿಯಮಗಳನ್ನು ಸೇರಿಸಿ, ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಈ ವ್ಯವಸ್ಥೆಯ ಬಗ್ಗೆ ಮಾಲೀಕರಲ್ಲಿ ಉತ್ಸಾಹವಿರುವುದು ಸಹಜ. ಆದರೆ ಇದು ಎಲ್ಲರಿಗೂ ಹಿತಕರವಾದ ಮಾರ್ಗವಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ತಿಳಿಸಬೇಕಾಗಿದೆ.

ಮೊದಲ ನೋಂದಣಿಯ ದಿನಾಂಕದಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ಮಾತ್ರ ಈ ವ್ಯಾಖ್ಯೆಗೆ ಒಳಪಡುತ್ತವೆ. ವಾಹನವು ಮೂಲ ಸ್ವರೂಪದಲ್ಲಿಯೇ ಇರಬೇಕು. ಚಾಸಿಸ್, ಬಾಡಿಯ ಹೊರಕವಚ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1974ರ ಜೂನ್‌ನಲ್ಲಿ ಮೊದಲು ನೋಂದಣಿಯಾದ ಕಾರು 2024ರ ಜೂನ್‌ನಲ್ಲಿ ಈ ವಯೋಮಿತಿಯನ್ನು ದಾಟುತ್ತದೆ. ಅಂದರೆ ಹಳೆಯ ಫಿಯಟ್ 1100 ಮತ್ತು ಹೆರಾಲ್ಡ್ ಕಾರುಗಳಿಗೆ ಇದು ಅನ್ವಯವಾದೀತು. ಎಂಬತ್ತರ ದಶಕದ ಪದ್ಮಿನಿಗೆ ಇನ್ನೂ ಕಾಲ ಬಂದಿಲ್ಲ. ಸ್ಯಾನ್ ಸ್ಟಾರ್ಮ್ ಮಾಲೀಕರಂತೂ ಈ ವಿಷಯವನ್ನು ಮಕ್ಕಳಿಗೆ ಬಿಟ್ಟುಕೊಡಬೇಕಾದೀತು.

ಹೊಸದಾಗಿ ವಿಂಟೇಜ್ ನೋಂದಣಿ ಪಡೆಯಲು 20,000 ರೂ. ಶುಲ್ಕವಿದ್ದು, ಪ್ರಮಾಣಪತ್ರವು 10 ವರ್ಷ ಊರ್ಜಿತವಾಗಿರುತ್ತದೆ. ತದನಂತರದ ಮರುನೋಂದಣಿಗೆ 5,000 ರೂ. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಅಜ್ಜನವರ ಕಾಲದ ಸಂಖ್ಯಾಫಲಕವನ್ನು ಅಭಿಮಾನದಿಂದ ಇಟ್ಟುಕೊಂಡಿರುವ ಕುಟುಂಬಗಳಿಗೆ ಇದು ಸಮಾಧಾನದ ವಿಷಯ.

ಇಷ್ಟು ಓದಿದಾಗ ಹತ್ತು ವರ್ಷಗಳ ನಿಶ್ಚಿಂತೆ ದೊರೆತಂತೆ ಕಾಣುತ್ತದೆ. ಆದರೆ ವಿಂಟೇಜ್ ಎಂದು ನೋಂದಣಿಯಾದ ವಾಹನವನ್ನು ನಿಯತವಾಗಿ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ವಾಹನಗಳ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಹಾಗೂ ಈ ಸ್ಥಳಗಳಿಗೆ ಹೋಗಿಬರುವುದಕ್ಕಷ್ಟೇ ಅದು ರಸ್ತೆಗೆ ಬರಬಹುದು. ಭಾಲ್ಕಿಯ ಒಂದು ಕುಟುಂಬವು ತನ್ನ ಹೆರಾಲ್ಡ್ ಕಾರಿನಲ್ಲಿ ಪ್ರತಿ ವರ್ಷ ಖಾನಾಪುರದ ಮೈಲಾರ ಮಲ್ಲಣ್ಣನ ದರ್ಶನಕ್ಕೆ ಹೋಗುವ ರೂಢಿಯಿದೆ ಎಂದಿಟ್ಟುಕೊಳ್ಳೋಣ. ಸಾಮಾನ್ಯ ನವೀಕರಣ ಪಡೆದ ಕಾರಿಗೆ ಆ ಪ್ರಯಾಣಕ್ಕೆ ಯಾವ ಅಡ್ಡಿಯೂ ಇಲ್ಲ. ಅದೇ ಕಾರು ವಿಂಟೇಜ್ ನೋಂದಣಿ ಪಡೆದಿದ್ದರೆ ದೇವರ ದರ್ಶನವು ಮೇಲಿನ ಯಾವ ಉದ್ದೇಶದಲ್ಲಿಯೂ ಬರುವುದಿಲ್ಲ. ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಬೀದರ್ ಕೋಟೆಯವರೆಗೆ ತಿರುಗಾಡಿ ಬರುವುದು, ಬಂಧುಗಳ ಮನೆಯ ಮದುವೆಗೆ ಹೋಗುವುದು ಇವೆಲ್ಲಕ್ಕೂ ಇದೇ ಮಾತು.

ಆದ್ದರಿಂದ ಕಾರನ್ನು ಕುಟುಂಬದ ಬಳಕೆಯಲ್ಲಿ ಇಟ್ಟುಕೊಳ್ಳಬೇಕೆನ್ನುವವರಿಗೆ ಐದು ವರ್ಷಕ್ಕೊಮ್ಮೆ ಮಾಡುವ ಸಾಮಾನ್ಯ ನವೀಕರಣವೇ ಸೂಕ್ತ. ಐವತ್ತು ವರ್ಷ ದಾಟಿದ ಮಾತ್ರಕ್ಕೆ ವಿಂಟೇಜ್ ನೋಂದಣಿ ಪಡೆಯಲೇಬೇಕೆಂಬ ನಿರ್ಬಂಧವಿಲ್ಲ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಅಥವಾ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿ ಕಾಣಸಿಗುವಂತೆ, ಕಾರನ್ನು ಪ್ರದರ್ಶನದ ವಸ್ತುವಾಗಿ ಉಳಿಸುವ ಉದ್ದೇಶವುಳ್ಳವರಿಗೆ ಮತ್ತು ಬಹುಕಾಲದಿಂದ ನೋಂದಣಿಯೇ ಇಲ್ಲದ ಹಳೆಯ ಆಮದು ಕಾರನ್ನು ಸಕ್ರಮಗೊಳಿಸಲು ಬಯಸುವವರಿಗೆ ವಿಂಟೇಜ್ ಮಾರ್ಗವು ಒಪ್ಪುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಮನೆಯವರೆಲ್ಲರೂ ಕುಳಿತು ಈ ಬಗ್ಗೆ ನಿರ್ಧರಿಸುವುದು ಲೇಸು.

ತಂದೆಯವರ ಹೆಸರಿನಲ್ಲಿರುವ ಕಾರು, ಗಡಿಯಾಚೆಯ ಕಾರು

ಹಳೆಯ ಕಾರುಗಳ ಅರ್ಜಿಗಳು ತಡವಾಗುವುದು ಬಹುಮಟ್ಟಿಗೆ ಕಾರಿನ ದೋಷದಿಂದಲ್ಲ, ಹೆಸರಿನ ದೋಷದಿಂದ. ನೋಂದಣಿ ಪುಸ್ತಕದಲ್ಲಿರುವ ಮಾಲೀಕರು ತೀರಿಕೊಂಡು ಹತ್ತಿಪ್ಪತ್ತು ವರ್ಷಗಳಾಗಿರುತ್ತವೆ. ಮಗ ಅಥವಾ ಮೊಮ್ಮಗ ಕಾರನ್ನು ನೋಡಿಕೊಳ್ಳುತ್ತಿರುತ್ತಾರೆ. ನಿಯಮದ ಪ್ರಕಾರ ಮಾಲೀಕರ ಮರಣವನ್ನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ವಾರಸುದಾರರು ಮೂರು ತಿಂಗಳೊಳಗೆ ನಮೂನೆ-31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಅವಧಿ ಮೀರಿದ್ದರೂ ಈಗಲೇ ಮಾಡಿಸಿಕೊಳ್ಳುವುದು ಉತ್ತಮ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಪ್ರಮಾಣಪತ್ರ ಮತ್ತು ಇತರ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಅಗತ್ಯವಾಗುತ್ತವೆ. ಅಕ್ಕತಂಗಿಯರು ಬೇರೆ ಊರುಗಳಲ್ಲಿ ನೆಲೆಸಿದ್ದರೆ ಹಬ್ಬಕ್ಕೆ ತವರಿಗೆ ಬಂದಾಗಲೇ ಸಹಿ ಪಡೆದಿಟ್ಟುಕೊಳ್ಳುವುದು ಜಾಣತನ. ಮುಂದಿನ ತಲೆಮಾರಿಗೆ ಹೋದಷ್ಟೂ ಸಹಿ ಹಾಕಬೇಕಾದವರ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ.

ಹಳೆಯ ಪುಸ್ತಕಗಳಲ್ಲಿ ಮತ್ತೊಂದು ತೊಡಕೂ ಕಂಡುಬರುತ್ತದೆ. ಎಂದೋ ತೀರಿಸಿದ ಬ್ಯಾಂಕ್ ಸಾಲದ ನಮೂದು ಹಾಗೆಯೇ ಉಳಿದುಬಿಟ್ಟಿರುತ್ತದೆ. ಅದನ್ನು ತೆಗೆಸದ ಹೊರತು ವರ್ಗಾವಣೆ ಸಾಧ್ಯವಾಗುವುದಿಲ್ಲ. ಸಾಲ ನೀಡಿದ ಬ್ಯಾಂಕಿನ ಹೆಸರೇ ಇಂದು ಇಲ್ಲದಿದ್ದಲ್ಲಿ ಅದು ವಿಲೀನವಾದ ಬ್ಯಾಂಕಿನಿಂದ ಸಾಲ ತೀರುವಳಿ ಪತ್ರ ಹಾಗೂ ನಮೂನೆ-35 ಪಡೆಯಬೇಕು. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನಗೊಂಡಿವೆ.

ಇನ್ನು ಗಡಿಯ ವಿಷಯ. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯು ಹೈದರಾಬಾದ್ ರಾಜ್ಯದಲ್ಲಿತ್ತು. ಉದಗೀರ, ನಿಲಂಗಾ, ಜಹೀರಾಬಾದ್, ನಾರಾಯಣಖೇಡ್ ಭಾಗಗಳು ಇದೇ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಗಡಿ ಬದಲಾದರೂ ಬೀಗತನ ಬದಲಾಗಲಿಲ್ಲ. ಆದಕಾರಣ ಉದಗೀರದ ಸೋದರಮಾವನ ಕಾರು ಔರಾದದ ಅಳಿಯನ ಮನೆಗೆ ಬರುವುದೂ, ಲಾತೂರಿನ ಎಂಎಚ್-24 ಅಥವಾ ನಾಂದೇಡಿನ ಎಂಎಚ್-26 ಫಲಕದ ಕಾರು ಭಾಲ್ಕಿಯಲ್ಲಿ ವರ್ಷಗಟ್ಟಲೆ ಓಡುವುದೂ ಇಲ್ಲಿ ವಿಶೇಷವೇನಲ್ಲ. ಆದರೆ ಕಲಂ 47ರ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡಲ್ಲಿ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಸಲ್ಲಿಸಬೇಕು. ಮೂಲ ಕಚೇರಿಯಿಂದ ನಮೂನೆ-28ರಲ್ಲಿ ನಿರಾಕ್ಷೇಪಣಾ ಪತ್ರ ತಂದು, ನಮೂನೆ-27ರೊಡನೆ ಸಲ್ಲಿಸಿ, ಇಲ್ಲಿನ ತೆರಿಗೆಯನ್ನು ಪಾವತಿಸಿದ ನಂತರ ಬೀದರ್ ಕಚೇರಿಯ ಕೆಎ-38 ಅಥವಾ ಭಾಲ್ಕಿ ಕಚೇರಿಯ ಕೆಎ-39 ಶ್ರೇಣಿಯಲ್ಲಿ ಸಂಖ್ಯೆ ದೊರೆಯುತ್ತದೆ. ನಿರಾಕ್ಷೇಪಣಾ ಪತ್ರ ಪಡೆಯುವ ಮುನ್ನವೇ ಆ ರಾಜ್ಯದಲ್ಲಿ ಬಾಕಿಯಿರುವ ದಂಡಗಳನ್ನು ಕಟ್ಟಿ ಮುಗಿಸಬೇಕು.

ಮೂಲ ಸ್ವರೂಪದ ಮಹತ್ವ

ಬಿಡಿಭಾಗ ಸಿಗುವುದಿಲ್ಲವೆಂದು ಬೇರೊಂದು ಕಂಪನಿಯ ಎಂಜಿನ್ ಕೂರಿಸುವುದು, ಪೆಟ್ರೋಲ್ ಕಾರಿಗೆ ಡೀಸೆಲ್ ಎಂಜಿನ್ ಅಳವಡಿಸುವುದು, ಮೇಲ್ಛಾವಣಿಯನ್ನು ಕತ್ತರಿಸಿ ತೆರೆದ ಕಾರಾಗಿಸುವುದು ಇವು ಹಿಂದೆ ಸಾಮಾನ್ಯವಾಗಿದ್ದವು. ಕಲಂ 52ರ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಮೇಲ್ಛಾವಣಿ ಕತ್ತರಿಸಿದ ಕಾರು ಸ್ಪೋರ್ಟ್ಸ್ ಕಾರಿನಂತೆ ಕಂಡೀತು, ಆದರೆ ಪದ್ಮಿನಿಯಂತಹ ಕಾರಿನಲ್ಲಿ ಪ್ರತ್ಯೇಕ ಚಾಸಿಸ್ ಇರುವುದಿಲ್ಲ; ಇಡೀ ಬಾಡಿಯೇ ಭಾರವನ್ನು ಹೊರುತ್ತದೆ. ಛಾವಣಿ ತೆಗೆದರೆ ಕಾರು ನಡುವಿನಲ್ಲಿ ಬಾಗುತ್ತದೆ, ಬಾಗಿಲುಗಳು ಕೂಡುವುದಿಲ್ಲ. ಎಂಜಿನ್ ಬದಲಾವಣೆ ಅನಿವಾರ್ಯವಾದಲ್ಲಿ ಮುಂಚಿತವಾಗಿ ಅನುಮತಿ ಪಡೆದು, ಹೊಸ ಎಂಜಿನ್ ಸಂಖ್ಯೆಯನ್ನು ಪುಸ್ತಕದಲ್ಲಿ ನಮೂದಿಸಿಕೊಳ್ಳಬೇಕು. ಬಣ್ಣ ಹೊಡೆಸುವ ಮುನ್ನ ಚಾಸಿಸ್ ಸಂಖ್ಯೆಯ ಜಾಗವನ್ನು ಮುಚ್ಚಿಟ್ಟುಕೊಳ್ಳುವಂತೆ ಟಿಂಕರಿಂಗ್ ಮಾಡುವವರಿಗೆ ತಿಳಿಸುವುದನ್ನು ಮರೆಯಬಾರದು. ಉಜ್ಜಿ, ಪುಟ್ಟಿ ಹಚ್ಚಿ ಅಳಿಸಿಹೋದ ಸಂಖ್ಯೆಯಿಂದ ಉಂಟಾಗುವ ತೊಂದರೆಯು ತುಕ್ಕಿನಿಂದ ಉಂಟಾಗುವ ತೊಂದರೆಗಿಂತ ದೊಡ್ಡದು.

ಮನೆಯಲ್ಲಿ ಪಾಲನೆ

ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ; ಭಾಲ್ಕಿ ಮತ್ತು ಔರಾದ ಕಡೆಗೆ ಸಾಗಿದಂತೆ ಎರೆಭೂಮಿ ಹೆಚ್ಚುತ್ತದೆ. ಕಾರನ್ನು ನಿಲ್ಲಿಸುವವರಿಗೆ ಈ ಎರಡೂ ಮಣ್ಣುಗಳ ಸ್ವಭಾವ ತಿಳಿದಿರಬೇಕು. ನಗರದ ಕೆಂಪು ಧೂಳು ನಯವಾದುದು. ಒಣ ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಗೀರುಗಳಾಗುತ್ತವೆ, ಆದ್ದರಿಂದ ಮೊದಲು ನೀರು ಹಾಯಿಸಿಯೇ ಒರೆಸಬೇಕು. ಏರ್ ಫಿಲ್ಟರನ್ನು ಬೇಸಿಗೆಯಲ್ಲಿ ಹೆಚ್ಚು ಸಲ ನೋಡಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ತೇವವನ್ನು ಬಹುದಿನ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ನೇರವಾಗಿ ನಿಲ್ಲಿಸಿದ ಕಾರಿನ ತಳಕ್ಕೆ ಕೆಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಶಹಾಬಾದ್ ಕಲ್ಲು ಹಾಸಿದ ಅಥವಾ ಕಾಂಕ್ರೀಟ್ ಮಾಡಿದ ನೆಲವೇ ಸುರಕ್ಷಿತ. ಎರೆಮಣ್ಣಿನ ಮೇಲೆ ಜ್ಯಾಕ್ ಹಚ್ಚಿ ಕಾರಿನಡಿ ನುಸುಳುವುದು ಪ್ರಾಣಕ್ಕೆ ಅಪಾಯಕಾರಿ. ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಟ್ಟು, ಕಾರಿಗೆ ಗಟ್ಟಿ ಆಧಾರ ಕೊಟ್ಟ ನಂತರವೇ ಕೆಲಸ ಮಾಡಬೇಕು.

ಪ್ಲಾಸ್ಟಿಕ್ ತಾಡಪತ್ರಿಯನ್ನು ಬಿಗಿಯಾಗಿ ಹೊದಿಸುವ ರೂಢಿಯನ್ನು ಬಿಡಬೇಕು. ಒಳಗೆ ಸಿಕ್ಕಿಕೊಂಡ ತೇವವು ರಾತ್ರಿಯ ತಂಪಿನಲ್ಲಿ ಹನಿಗಟ್ಟಿ ತಗಡಿಗೆ ಅಂಟುತ್ತದೆ. ಗಾಳಿಯಾಡುವ ಹತ್ತಿಯ ಹೊದಿಕೆ ಮತ್ತು ಮೇಲೊಂದು ಮಾಡು ಇದ್ದರೆ ಸಾಕು. ಹೆರಾಲ್ಡ್ ಕಾರಿನ ಚಾಸಿಸ್ ಪ್ರತ್ಯೇಕವಾಗಿದ್ದು, ಅದರ ಬದಿಯ ತೋಳುಗಳಲ್ಲಿ ಕೆಸರು ಕೂತು ತುಕ್ಕು ಹಿಡಿಯುವುದರಿಂದ ಮಳೆಗಾಲ ಮುಗಿದೊಡನೆ ತಳವನ್ನು ತೊಳೆಸಿ ಒಣಗಿಸಬೇಕು. ಫೈಬರ್ ಬಾಡಿಗೆ ತುಕ್ಕಿನ ಭಯವಿಲ್ಲ, ಆದರೆ ಈ ಭಾಗದ ಬೇಸಿಗೆಯ ಬಿಸಿಲಿಗೆ ಬಣ್ಣ ಮಾಸುತ್ತದೆ, ಕೂದಲೆಳೆಯಂತಹ ಬಿರುಕು ಮೂಡುತ್ತದೆ; ಅದಕ್ಕೆ ನೆರಳೇ ಮದ್ದು. ಇಲಿಗಳ ವಿಷಯದಲ್ಲಿ ಉದಾಸೀನ ಸಲ್ಲದು. ಕಾಳಿನ ಚೀಲಗಳಿರುವ ಕೊಠಡಿಯಲ್ಲಿಯೇ ಕಾರನ್ನು ನಿಲ್ಲಿಸಿದರೆ ವೈರುಗಳು ಒಂದು ಋತುವನ್ನೂ ದಾಟುವುದಿಲ್ಲ.

ಪೆಟ್ರೋಲಿನ ಬಗ್ಗೆ ಹೆಚ್ಚಿನ ಎಚ್ಚರ ಅಗತ್ಯ. 2000ದ ಫೆಬ್ರುವರಿ 1ರಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಮಾರಾಟವಾಗುತ್ತಿದೆ. ಸೀಸವಿದ್ದ ಪೆಟ್ರೋಲಿಗೆಂದು ರೂಪಿಸಿದ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗವು ಬೇಗ ಸವೆಯುವುದರಿಂದ, ಎಂಜಿನ್ ಬಿಚ್ಚುವ ಸಂದರ್ಭ ಬಂದಾಗ ಗಟ್ಟಿ ಲೋಹದ ಸೀಟುಗಳನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. 2025ರ ವೇಳೆಗೆ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ. 20ಕ್ಕೆ ಏರಿತು. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯ ರೈತರಿಗೆ ಎಥೆನಾಲ್ ಪರಿಚಿತ ಹೆಸರೇ; ಹಳೆಯ ಕಾರಿಗೆ ಅದು ಅಪರಿಚಿತ ಅತಿಥಿ. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಊದಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಇಂಧನ ಪಂಪಿನ ಡಯಾಫ್ರಾಂ, ಹೋಸ್ ಪೈಪುಗಳು ಮತ್ತು ಕಾರ್ಬ್ಯುರೇಟರಿನ ವಾಷರುಗಳನ್ನು ಎಥೆನಾಲ್ ತಾಳಿಕೊಳ್ಳುವ ಬಗೆಯವುಗಳಿಗೆ ಬದಲಾಯಿಸಬೇಕು. ಬಿಸಿ ಎಂಜಿನ್ ಮೇಲೆ ತೊಟ್ಟಿಕ್ಕುವ ಪೆಟ್ರೋಲಿನಿಂದ ಕಾರೇ ಸುಟ್ಟುಹೋಗಬಹುದಾದ್ದರಿಂದ ಈ ಖರ್ಚನ್ನು ಮುಂದೂಡಬಾರದು. ತಿಂಗಳೆರಡು ತಿಂಗಳಲ್ಲಿ ಖರ್ಚಾಗುವಷ್ಟೇ ಪೆಟ್ರೋಲ್ ತುಂಬಿಸುವುದು, ದೀರ್ಘಕಾಲ ನಿಲ್ಲಿಸುವುದಾದರೆ ಟ್ಯಾಂಕನ್ನು ಪೂರ್ಣ ಬರಿದು ಮಾಡುವುದು ಅಥವಾ ಪೂರ್ಣ ತುಂಬಿಸಿಡುವುದು ಸೂಕ್ತ. ಅರೆ ತುಂಬಿದ ಟ್ಯಾಂಕಿನಲ್ಲಿ ತೇವಕ್ಕೆ ಜಾಗ ಹೆಚ್ಚು.

ರೇಡಿಯೇಟರಿಗೆ ಕೊಳವೆಬಾವಿಯ ನೀರನ್ನು ಹಾಕಿದರೆ ಸುಣ್ಣ ಕಟ್ಟುತ್ತದೆ, ಕೂಲಂಟನ್ನೇ ಬಳಸಬೇಕು. ಬ್ರೇಕ್ ಆಯಿಲ್ ಸಹ ತೇವವನ್ನು ಹೀರುವುದರಿಂದ ಕಾರು ಓಡಿರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಆಯಿಲ್ ವರ್ಷಕ್ಕೊಮ್ಮೆ. ಟಯರಿನ ಗೆರೆಗಳು ಆಳವಾಗಿವೆ ಎಂಬ ಕಾರಣಕ್ಕೆ ಇಪ್ಪತ್ತು ವರ್ಷದ ಹಳೆಯ ಟಯರಿನಲ್ಲಿ ಹೆದ್ದಾರಿಗೆ ಇಳಿಯಬಾರದು. ಪಕ್ಕದಲ್ಲಿ ಮುದ್ರಿಸಿರುವ ನಾಲ್ಕು ಅಂಕೆಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ.

ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸಿಬಿಟ್ಟರೆ ಕಾರು ಚೆನ್ನಾಗಿರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಂಜಿನ್ ಪೂರ್ಣ ಕಾಯುವ ಮುನ್ನ ನಿಲ್ಲಿಸಿದಾಗ ಹೊಗೆಯೊಡನೆ ಬಂದ ನೀರಿನ ಆವಿ ಸೈಲೆನ್ಸರಿನಲ್ಲಿಯೂ ಆಯಿಲಿನಲ್ಲಿಯೂ ಉಳಿಯುತ್ತದೆ. ಡೈನಮೋ ಇರುವ ಕಾರುಗಳಲ್ಲಿ ನಿಂತಲ್ಲೇ ಓಡುವ ಎಂಜಿನ್ ಬ್ಯಾಟರಿಯನ್ನು ತುಂಬುವುದೂ ಇಲ್ಲ. ಅದರ ಬದಲು ಹದಿನೈದು ದಿನಕ್ಕೊಮ್ಮೆ 15ರಿಂದ 20 ಕಿ.ಮೀ. ಓಡಿಸಬೇಕು. ಮುಚ್ಚಿದ ಕೊಠಡಿಯಲ್ಲಿ ಎಂಜಿನ್ ಚಾಲೂ ಇಡುವುದು ಸರ್ವಥಾ ಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆಯೇ ಕೊಲ್ಲುತ್ತದೆ.

ಪರಿಶೀಲನೆಯ ದಿನ

ಮೋಟಾರು ವಾಹನ ನಿರೀಕ್ಷಕರು ಕಾರಿನ ಹೊಳಪನ್ನು ನೋಡುವುದಿಲ್ಲ. ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಪುಸ್ತಕದೊಡನೆ ತಾಳೆಯಾಗುತ್ತವೆಯೇ, ಬ್ರೇಕು, ಕೈಬ್ರೇಕು, ಸ್ಟೀರಿಂಗ್, ದೀಪಗಳು, ಹಾರನ್, ವೈಪರ್, ಟಯರುಗಳು ಸರಿಯಾಗಿವೆಯೇ, ತಳದಲ್ಲಿ ತೂತುಗಳಿವೆಯೇ ಎಂಬುದನ್ನು ಪರಿಶೀಲಿಸುತ್ತಾರೆ. ಹೊಗೆ ತಪಾಸಣೆಯನ್ನು ಎಂಜಿನ್ ಚೆನ್ನಾಗಿ ಕಾದ ಮೇಲೆ ಮಾಡಿಸಬೇಕು. ಭಾರತ್ ಸ್ಟೇಜ್-2ಕ್ಕೆ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3 ಇದ್ದು, ಪಾಯಿಂಟ್, ಪ್ಲಗ್ ಮತ್ತು ಕಾರ್ಬ್ಯುರೇಟರ್ ಸರಿಪಡಿಸಿದ ಆರೋಗ್ಯವಂತ ಎಂಜಿನ್ ಇದನ್ನು ಸುಲಭವಾಗಿ ದಾಟುತ್ತದೆ. 2019ರ ಏಪ್ರಿಲ್ 1ಕ್ಕೆ ಮುಂಚೆ ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಬೇಕೆಂದು ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚಿಸಲಾಗಿದೆ. ಮಧ್ಯವರ್ತಿಗಳ ಮೂಲಕ ಕಾರನ್ನು ಕಳುಹಿಸದೆ ಮಾಲೀಕರೇ ಬರುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ದೋಷವೇನಾದರೂ ಕಂಡುಬಂದಲ್ಲಿ ಏನನ್ನು ಸರಿಪಡಿಸಬೇಕೆಂದು ನೇರವಾಗಿ ಕೇಳಿ ತಿಳಿದುಕೊಳ್ಳಬಹುದು.

ಕಾರನ್ನು ಉಳಿಸಿಕೊಳ್ಳುವುದು ಸಾಧ್ಯವೇ ಇಲ್ಲವೆಂದು ತೀರ್ಮಾನಿಸಿದವರು ಬೀದಿಯ ಗುಜರಿಗೆ ಕೊಡದೆ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೇ ಒಪ್ಪಿಸಿ, ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು. ರದ್ದಾಗದ ಪುಸ್ತಕದೊಡನೆ ಹೋದ ಚಾಸಿಸ್ ಸಂಖ್ಯೆಯು ಮುಂದೆ ಯಾವುದೋ ಕಳವಿನ ಕಾರಿನ ಮೇಲೆ ಕಾಣಿಸಿಕೊಂಡರೆ ವಿಚಾರಣೆಗೆ ಬರಬೇಕಾದವರು ಹಳೆಯ ಮಾಲೀಕರೇ.

ರಸ್ತೆಯಲ್ಲಿ

ಪಾಲನೆಯ ಫಲವಿರುವುದು ಓಡಿಸುವುದರಲ್ಲಿ. ಬೀದರ್‌ನಿಂದ ಭಾಲ್ಕಿಗೆ ಸುಮಾರು 40 ಕಿ.ಮೀ.; ಮುಂಜಾನೆ ಹೊರಟು ಬಿಸಿಲೇರುವ ಮುನ್ನ ಮರಳಿದರೆ ಎಂಜಿನ್‌ಗೂ ಹಿತ, ಓಡಿಸುವವರಿಗೂ ಹಿತ. ಪದ್ಮಿನಿ, ಅಂಬಾಸಿಡರ್‌ನಂತಹ ಕಾರುಗಳ ನಾಲ್ಕೂ ಚಕ್ರಗಳಿಗೆ ಇರುವುದು ಡ್ರಮ್ ಬ್ರೇಕು. ಹಳ್ಳದ ನೀರಿನಲ್ಲಿ ಹಾದುಬಂದ ಮೇಲೆ ಅವು ಕೆಲಕಾಲ ಹಿಡಿಯುವುದಿಲ್ಲ; ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಮುಂದಿನ ಹೊಸ ಕಾರು ಥಟ್ಟನೆ ನಿಂತಷ್ಟು ಬೇಗ ತಮ್ಮ ಕಾರು ನಿಲ್ಲದು ಎಂಬುದನ್ನು ನೆನಪಿಟ್ಟು ಅಂತರ ಕಾಯ್ದುಕೊಳ್ಳಬೇಕು. ಮುಖ್ಯ ದೀಪಗಳು ಮಂಕಾಗಿರುವುದರಿಂದ ರಾತ್ರಿಯ ಪ್ರಯಾಣವನ್ನು, ಅದರಲ್ಲಿಯೂ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುವ ಹಂಗಾಮಿನಲ್ಲಿ, ಕಡಿಮೆ ಮಾಡುವುದು ಲೇಸು.

ಜಹೀರಾಬಾದ್ ಅಥವಾ ಉದಗೀರದ ಕಡೆಗೆ ಗಡಿ ದಾಟುವವರು ನೋಂದಣಿ, ವಿಮೆ ಮತ್ತು ಮಾಲಿನ್ಯ ತಪಾಸಣೆ ಪತ್ರಗಳನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಮೂಲಕ ತೋರಿಸುವ ದಾಖಲೆಗಳಿಗೂ ಮಾನ್ಯತೆ ಇದೆ. ಆದರೆ ಕೈಬರಹದ ಹಳೆಯ ನೋಂದಣಿ ಪುಸ್ತಕಗಳ ವಿವರಗಳು ಗಣಕೀಕೃತ ದಾಖಲೆಗೆ ಸೇರಿರದಿದ್ದಲ್ಲಿ ಅವು ಮೊಬೈಲಿನಲ್ಲಿ ಕಾಣುವುದಿಲ್ಲ. ಅಂತಹ ಮಾಲೀಕರು ಮೂಲ ಪುಸ್ತಕದೊಡನೆ ತಮ್ಮ ನೋಂದಣಿ ಕಚೇರಿಗೆ ಬಂದು ಹಳೆಯ ದಾಖಲೆಯ ಸೇರ್ಪಡೆಗೆ ಮನವಿ ಸಲ್ಲಿಸಬೇಕು. ನವೀಕರಣ, ವರ್ಗಾವಣೆ ಮುಂತಾದ ಸೇವೆಗಳ ಆನ್‌ಲೈನ್ ಅರ್ಜಿಗಳು ಈ ಸೇರ್ಪಡೆಯ ನಂತರವೇ ಸ್ವೀಕೃತವಾಗುವುದರಿಂದ, ಅವಧಿ ಮುಗಿಯಲು ಕೆಲವು ತಿಂಗಳುಗಳಿರುವಾಗಲೇ ಈ ಕೆಲಸವನ್ನು ಮುಗಿಸಿಕೊಳ್ಳುವಂತೆ ಕೋರಲಾಗಿದೆ. ಅಲ್ಲಿಯವರೆಗೆ ಮೂಲ ಪುಸ್ತಕವನ್ನೇ ಕಾರಿನಲ್ಲಿ ಇರಿಸಿಕೊಂಡು, ಅದರ ಎಲ್ಲ ಪುಟಗಳ ನೆರಳಚ್ಚು ಪ್ರತಿಯನ್ನು ಮನೆಯಲ್ಲಿ ಕಾಯ್ದಿರಿಸಬೇಕು.